ಖಾಲಿ ಲಾರಿಗೆ ಉಡಿ ತುಂಬಿದ ಸಂಶೋಧನೆ

ರಾಯಚೂರಿನಿಂದ ದೇವದುರ್ಗದ ಕಡೆಗಾಗಲಿ ಮಾನ್ವಿಯ ಕಡೆಗಾಗಲಿ ಈಗ ಯಾವ ಲಾರಿಯೂ ಖಾಲಿ ಓಡುವುದಿಲ್ಲ. ಇದು ಬಡಾಯಿಯ ಮಾತಲ್ಲ, ಸಂಶೋಧನೆಯಿಂದ ಸಾಬೀತಾದ ಸತ್ಯ. ಅನುಮಾನ ಇದ್ದವರು ರಸ್ತೆಯಲ್ಲಿ ನಿಂತು ಯಾವ ಲಾರಿಯನ್ನಾದರೂ ತಡೆದು, ಹಿಂಬದಿ ಹತ್ತಿ ಇಣುಕಬಹುದು. ಒಳಗೆ ಒಂದು ತೆಂಗಿನಕಾಯಿ ಇದ್ದೇ ಇರುತ್ತದೆ.

ಈ ಸಾಧನೆ ಯರಗೇರಾ ರಸ್ತೆಯ ಸುಸ್ಥಿರ ಸರಕು ಸಾಗಣೆ ಸಂಶೋಧನಾ ಕೇಂದ್ರದ್ದು. ಅಲ್ಲಿನ ಸಂಶೋಧಕಿ ವಿಶಾಖಾ, ಹತ್ತಿ ಲಾರಿ, ಭತ್ತದ ಲಾರಿ, ಮೆಣಸಿನಕಾಯಿ ಲಾರಿ ಅನ್ನದೆ ಡ್ರೈವರುಗಳ ಪಕ್ಕ ಕೂತು ತಿರುಗಿ, ನಮ್ಮ ಬಿಸಿಲಿಗೆ ಬೆಂದು ಬಸವಳಿದು ಒಂದು ದಪ್ಪ ವರದಿ ಬರೆದಳು. ಹಳ್ಳಿಗಳಿಂದ ಲಾರಿಗಳು ರಾಯಚೂರಿಗೆ ತುಂಬಿ ಬರುತ್ತವೆ, ವಾಪಸ್ ಖಾಲಿ ಹೋಗುತ್ತವೆ, ಡೀಸೆಲ್ ಸುಮ್ಮನೆ ಹೊಗೆಯಾಗುತ್ತದೆ. ಹಳ್ಳಿಗೆ ಗೊಬ್ಬರ, ಸಿಮೆಂಟು, ಕಿರಾಣಿ ಕಳಿಸುವ ವ್ಯಾಪಾರಿಗಳಿಗೂ ಈ ಖಾಲಿ ಲಾರಿಗಳಿಗೂ ಫೋನಿನಲ್ಲೇ ಗಂಟು ಹಾಕಿಬಿಟ್ಟರೆ ಇಬ್ಬರಿಗೂ ಒಳ್ಳೆಯದು, ಗಾಳಿಗೂ ಒಳ್ಳೆಯದು. ಇಷ್ಟೇ ವರದಿಯ ಸಾರ.

ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಹನುಮಂತ್ರಾಯರು ವರದಿಯನ್ನು ಅತ್ಯಂತ ಗಂಭೀರವಾಗಿ ಓದಿದರು. ಮೊದಲ ಪುಟ ಮುಗಿಯುವ ಹೊತ್ತಿಗೆ ಊಟದ ಡಬ್ಬಿ ಬಂತು. ಸಮಸ್ಯೆ ಮೊದಲ ಪುಟದಲ್ಲಿತ್ತು, ಪರಿಹಾರ ಎರಡನೆಯ ಪುಟದಲ್ಲಿತ್ತು. ಊಟವಾದ ಮೇಲೆ ಸಾಹೇಬರು ಪರಿಹಾರವನ್ನು ತಾವೇ ಕಂಡುಹಿಡಿದು ಆದೇಶ ಹೊರಡಿಸಿದರು: “ಇನ್ನು ಮುಂದೆ ಯಾವುದೇ ಖಾಲಿ ಲಾರಿಯು ರಾಯಚೂರು ನಗರವನ್ನು ಬಿಟ್ಟು ಹೋಗತಕ್ಕದ್ದಲ್ಲ.” ಸಂಶೋಧನಾ ಕೇಂದ್ರಕ್ಕೆ ಹೀಗೆ ಆದೇಶ ಹೊರಡಿಸುವ ಅಧಿಕಾರ ಇದೆಯೇ ಎಂದು ಯಾರೂ ಕೇಳಲಿಲ್ಲ. ಕೆಳಗೆ ದುಂಡನೆಯ ಸೀಲು ಇತ್ತು. ವಾರದೊಳಗೆ ಊರ ಹೊರಗೆ ಒಂದು ಗೇಟೂ ಎದ್ದು ನಿಂತಿತು.

ಆ ಗೇಟಿಗೆ ಮೊದಲು ಸಿಕ್ಕಿಬಿದ್ದವರಲ್ಲಿ ಅರಕೇರಾದ ಅಂಬಣ್ಣನೂ ಒಬ್ಬ. ಸ್ವಂತ ಲಾರಿ, ಸ್ವಂತ ಡ್ರೈವಿಂಗು. ಕುರಿ ಕಾಯುವ ಮನೆತನದವನಾದ್ದರಿಂದ ಲಾರಿಯ ಹಣೆಗೆ ಬೀರಲಿಂಗೇಶ್ವರನ ಹೆಸರು ಬರೆಸಿದ್ದ. ಅವತ್ತು ಜಿನ್ನಿಂಗ್ ಮಿಲ್ಲಿಗೆ ಹತ್ತಿ ಇಳಿಸಿ, ತೀನ್ ಕಂದೀಲ್ ಬಜಾರಿಗೆ ಹೋಗಿ ಹಸಿರು ಸೀರೆ, ಹಸಿರು ಬಳೆ, ತೆಂಗಿನಕಾಯಿ, ಉತ್ತತ್ತಿ, ರವಿಕೆಯ ಖಣ ಎಲ್ಲ ಖರೀದಿ ಮಾಡಿ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿದ್ದ. ಮಲ್ಲಟಕ್ಕೆ ಕೊಟ್ಟ ಒಬ್ಬಳೇ ಮಗಳು ದೇವಿಕಾಳಿಗೆ ಏಳು ತಿಂಗಳು. ಮರುದಿನವೇ ಕುಬುಸ. ಐದು, ಏಳು ಇಲ್ಲವೆ ಒಂಬತ್ತನೆಯ ತಿಂಗಳಲ್ಲಿ ತವರಿನವರು ಹೋಗಿ, ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆರಿಗೆಗೆ ಕರೆದುಕೊಂಡು ಬರುವ ಕಾರ್ಯ. ಐದನೆಯ ತಿಂಗಳಲ್ಲಿ ಬರುತ್ತೇನೆಂದು ಹೇಳಿ ಅಂಬಣ್ಣ ಬಾಡಿಗೆಯ ಮೇಲೆ ಹೋಗಿಬಿಟ್ಟಿದ್ದ. ಈ ಸಲ ತಪ್ಪಿಸಿದರೆ ಮಾತೇ ಆಡುವುದಿಲ್ಲ ಎಂದು ಮಗಳು ಖಡಾಖಂಡಿತ ಹೇಳಿದ್ದಳು.

“ಖಾಲಿ ಗಾಡಿ ಬಿಡಂಗಿಲ್ರೀ,” ಎಂದ ಗೇಟಿನ ಮೇಲ್ವಿಚಾರಕ ಆದೆಪ್ಪ.

“ಮನಿಗೆ ಹೊಂಟೀನ್ರೀ ಸಾಹೇಬ್ರ. ಹತ್ತಿ ಇಳಿಸಿ ಬಂದೀನಿ. ಖಾಲಿ ಇರಲಾರದ ಇನ್ನೇನು ಇರ್ತದ?”

“ಏನರ ತುಂಬ್ರಿ.”

“ಏನು ತುಂಬ್ಲಿ?”

“ಅದನ್ನ ಆದೇಶದಾಗ ಬರದಿಲ್ಲ. ನಿಮಗ ಬಿಟ್ಟದ್ದು. ನಾವು ಯಾರ ಮ್ಯಾಲೂ ಜುಲುಮಿ ಮಾಡಂಗಿಲ್ಲ.”

ಅಷ್ಟರಲ್ಲಿ ಹಿಂದೆ ಲಾರಿಗಳ ಸಾಲು ಬೆಳೆದಿತ್ತು. ಒಬ್ಬ ಡ್ರೈವರ್ ರಸ್ತೆ ಬದಿಯ ಕಲ್ಲು ಹೇರಿಕೊಂಡು ಬಂದ. ಕಲ್ಲಿಗೆ ಗಣಿ ಇಲಾಖೆಯ ಪರವಾನಗಿ ಕೇಳಲಾಯಿತು. ಇನ್ನೊಬ್ಬ ತನ್ನ ಕ್ಲೀನರನ್ನೇ ಹಿಂದೆ ಕೂರಿಸಿದ. ಮನುಷ್ಯ ಸರಕಲ್ಲ, ಪ್ರಯಾಣಿಕ ಎಂದು ತೀರ್ಮಾನವಾಯಿತು. ಮೂರನೆಯವನು ಎಲ್ಲಿಂದಲೋ ಒಂದು ಆಡು ತಂದು ಕಟ್ಟಿದ. ಆಡು ಗೇಟಿಗೆ ಅಂಟಿಸಿದ್ದ ಆದೇಶವನ್ನು ಪೂರ್ತಿಯಾಗಿ ತಿಂದದ್ದರಿಂದ ಅದನ್ನು ವಶಕ್ಕೆ ಪಡೆಯಲಾಯಿತು. ಆ ಸಂಜೆ ಆದೆಪ್ಪನ ಮನೆಯಿಂದ ಬಂದ ಮಸಾಲೆಯ ಘಮಕ್ಕೂ ಆ ಆಡಿಗೂ ಯಾವುದೇ ಸಂಬಂಧವಿಲ್ಲ ಎಂದು ಮರುದಿನ ಸ್ಪಷ್ಟೀಕರಣ ಬಂತು. ಯಾರೂ ಕೇಳಿರಲಿಲ್ಲ, ಆದರೂ ಬಂತು.

ಅಂಬಣ್ಣ ಕ್ಯಾಬಿನ್ನಿನಲ್ಲಿದ್ದ ಕುಬುಸದ ಸಾಮಾನು ತೋರಿಸಿದ. ಕ್ಯಾಬಿನ್ನಿನಲ್ಲಿ ಇದ್ದದ್ದು ಸ್ವಂತ ಸಾಮಾನು, ಸರಕಲ್ಲ ಎಂದ ಆದೆಪ್ಪ. ಅದನ್ನೇ ಎತ್ತಿ ಹಿಂದಿನ ಬಾಡಿಯಲ್ಲಿ ಇಟ್ಟ. ಈಗ ಅದು ತಪ್ಪು ಜಾಗದಲ್ಲಿರುವ ಸ್ವಂತ ಸಾಮಾನಾಯಿತು.

“ಇದು ಮಗಳದು ಅಂತ ನೀವ ಹೇಳೀರಿ. ಲಾರಿದಲ್ಲ. ಲಾರಿಗಿ ಅಂತ ಏನದ ತೋರಸ್ರಿ?”

ಅವತ್ತು ರಾತ್ರಿ ಅಂಬಣ್ಣ ಗೇಟಿನಲ್ಲೇ ಮಲಗಿದ. ಮರುದಿನ ಬೆಳಿಗ್ಗೆಯಿಂದ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿ ಕರೆಮ್ಮ ಬಸ್ಸು ಹಿಡಿದು ಆಗಲೇ ಮಲ್ಲಟ ಮುಟ್ಟಿದ್ದಳು.

“ಏನ್ರೀ, ಎಲ್ಲಿದ್ದೀರಿ? ಬೀಗರು ಚಾಪಿ ಹಾಸಿ ಕುಂತಾರ. ಸೀರಿ, ಕಾಯಿ ಎಲ್ಲಾ ನಿಮ್ಮ ಲಾರ್ಯಾಗ ಅದಾವ. ನಾ ಏನು ಬರಿಗೈಲೆ ಉಡಿ ತುಂಬ್ಲಿ?”

“ಗೇಟಿನಾಗ ಅದೀನಿ. ಖಾಲಿ ಅದೀನಂತ ಬಿಡವಲ್ರು.”

“ಯಾರು ಖಾಲಿ?”

“ಲಾರಿ!”

ಮಧ್ಯಾಹ್ನ ಕಳೆಯಿತು, ಮುಹೂರ್ತವೂ ಕಳೆಯಿತು. ಸಂಜೆಯ ಹೊತ್ತಿಗೆ ಮಗಳೇ ಫೋನು ಮಾಡಿದಳು. “ಯಪ್ಪಾ, ಐದರಾಗೂ ಇಲ್ಲ, ಏಳರಾಗೂ ಇಲ್ಲ. ಇನ್ನ ಒಂಬತ್ತನೇದೊಂದ ಉಳದದ. ಅದೂ ದಾಟಿದ್ರ ಸೀದಾ ತೊಟ್ಲಿಗೇ ಬಾ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯದೆ ಇಟ್ಟುಬಿಟ್ಟಳು. ಅಂಬಣ್ಣ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಗಂಡಸಾಗಿಯೂ ಬಿಕ್ಕಿಬಿಕ್ಕಿ ಅತ್ತ.

ಗೇಟಿನ ಪಕ್ಕದಲ್ಲಿ ವೀರಭದ್ರಮ್ಮನದೊಂದು ಅಂಗಡಿ ಇತ್ತು. ಮಂಡಾಳೊಗ್ಗರಣಿ, ಮಿರ್ಚಿ, ಚಹಾ. ಹಾದುಹೋಗುವ ಎಲ್ಲ ಡ್ರೈವರುಗಳಿಗೂ ಆಕೆ ತಾಯಿ ಇದ್ದ ಹಾಗೆ, ಬೈಗುಳದಲ್ಲೂ ತಾಯಿಯೇ. ಅಂಬಣ್ಣನ ಕತೆ ಕೇಳಿದವಳೇ ಬಾಣಲೆ ಇಳಿಸಿ, ಕೈ ಒರೆಸಿಕೊಂಡು ಎದ್ದಳು.

“ಲಾರಿಗಿ ಅಂತ ಏನರ ಇರಬೇಕಂತೇನು? ಹೌದಲ್ಲ? ತಾ ಇಲ್ಲಿ ಒಂದು ಕಾಯಿ.”

ಅಂಬಣ್ಣ ಮಗಳ ಸಾಮಾನಿನಿಂದ ಒಂದು ಕಾಯಿ, ಒಂದು ಖಣ, ಒಂದಿಷ್ಟು ಉತ್ತತ್ತಿ ತೆಗೆದುಕೊಟ್ಟ. ವೀರಭದ್ರಮ್ಮ ತನ್ನ ಅಂಗಡಿಯಿಂದ ಬೊಗಸೆ ಅಕ್ಕಿ, ಅಡಿಕೆ, ಅರಿಷಿಣದ ಬೇರು ತಂದಳು. ಲಾರಿಯ ಹಿಂಬದಿಗೆ ಅರಿಷಿಣ ಕುಂಕುಮ ಹಚ್ಚಿ, ಖಣ ಹಾಸಿ, ಅದರಲ್ಲಿ ಎಲ್ಲವನ್ನೂ ಸುರಿದಳು.

“ಏ ಯವ್ವಾ, ಏನು ಮಾಡಾಕತ್ತಿ?” ಎಂದು ಓಡಿಬಂದ ಆದೆಪ್ಪ.

“ಉಡಿ ತುಂಬಾಕತ್ತೀನಿ. ತನ್ನೂರಿಗೆ ಹೊಂಟದ. ಬರಿ ಉಡಿಲೆ ಕಳಸ್ತಾರೇನು?”

“ಲಾರಿಗಿ ಎಲ್ಲ್ಯರ ಉಡಿ ತುಂಬ್ತಾರೇನು? ಮ್ಯಾಲ ಬೀರಲಿಂಗೇಶ್ವರ ಅಂತ ಬರದದ. ಗಂಡು ಲಾರಿ ಇದು!”

“ಹೊರೋದೂ ಇದ, ಇಳಸೋದೂ ಇದ, ರಾತ್ರಿ ಹಗಲಿ ದುಡಿಯೋದೂ ಇದ. ಇನ್ನ ಗಂಡು ಹ್ಯಾಂಗಾಗ್ತದೋ?”

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಹೋ ಎಂದು ನಕ್ಕರು. ಆದೆಪ್ಪ ಆದೇಶದ ಇನ್ನೊಂದು ಪ್ರತಿ ತರಿಸಿ ಓದಿದ. ‘ಸರಕು ಎಂದರೆ ವಾಹನಕ್ಕೆ ಸೇರಿದ್ದಾಗಿ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗುವ ಯಾವುದೇ ವಸ್ತು’ ಎಂದಿತ್ತು. ಎಷ್ಟು ಎಂಬುದನ್ನು ಬರೆದಿರಲಿಲ್ಲ. ಉಡಿ ಲಾರಿಗೇ ಸೇರಿದ್ದು, ಅದರಲ್ಲಿ ಎರಡು ಮಾತಿಲ್ಲ. ಆತ ಗೇಟು ಎತ್ತಿದ. ಹಿಂದೆಯೇ ಉಳಿದ ಲಾರಿಗಳೂ ಒಂದೊಂದಾಗಿ ಉಡಿ ತುಂಬಿಸಿಕೊಂಡು ಹಾರ್ನು ಹೊಡೆಯುತ್ತ ಹೊರಟವು. ವೀರಭದ್ರಮ್ಮನ ಮಿರ್ಚಿ ಅವತ್ತು ಬಾಣಲೆಯಲ್ಲೇ ತಣ್ಣಗಾದವು.

ಇಲ್ಲಿಗೆ ಮುಗಿಯಬೇಕಾದ ವಿಷಯ, ಅಂಕಿ ಅಂಶಗಳ ಮೂಲಕ ನಿರ್ದೇಶಕರ ಮೇಜು ಮುಟ್ಟಿತು. ಖಾಲಿ ಲಾರಿಗಳ ಪ್ರಮಾಣ ಏಕಾಏಕಿ ಸೊನ್ನೆಗೆ ಇಳಿದಿತ್ತು. ಜಗತ್ತಿನ ಯಾವ ದೇಶವೂ ಇದನ್ನು ಸಾಧಿಸಿರಲಿಲ್ಲ. ಹನುಮಂತ್ರಾಯರು ಕುರ್ಚಿಯಿಂದ ಎದ್ದು ನಿಂತು, ಯಾರೂ ಇಲ್ಲದ ಕಾರಣ ತಮಗೆ ತಾವೇ ಕೈಕುಲುಕಿದರು.

“ಸರ್,” ಎಂದಳು ಅಷ್ಟರಲ್ಲಿ ಒಳಬಂದ ವಿಶಾಖಾ, “ನಾ ಬರದದ್ದು ಖಾಲಿ ಲಾರಿಗೆ ಲೋಡು ಹುಡುಕಿ ಕೊಡ್ರಿ ಅಂತ.”

“ಹುಡುಕಿ ಕೊಟ್ಟೀವಲ್ಲಮ್ಮಾ.”

“ಒಂದು ಕಾಯಿ ಸರ್ ಅದು!”

“ಒಂದು ಕಾಯಿ ಇದ್ದ ಮ್ಯಾಲೆ ಖಾಲಿ ಅಂತ ಹ್ಯಾಂಗ ಬರಿಯೋಣ? ಸಂಶೋಧನಾದಾಗ ಸುಳ್ಳು ಬರದ್ರ ನಿನ್ನ ಪಿಎಚ್‌ಡಿ ಗತಿ ಏನು?”

ಪಿಎಚ್‌ಡಿಗೆ ಸಹಿ ಹಾಕಬೇಕಾದವರು ಅವರೇ ಆದ್ದರಿಂದ ವಿಶಾಖಾ ತನ್ನ ವರದಿ ಎತ್ತಿಕೊಂಡು ಹೊರನಡೆದಳು. ಆಕೆಯನ್ನು ಮುಖ್ಯ ಉಡಿ ಸಮನ್ವಯಾಧಿಕಾರಿ ಎಂದು ನೇಮಿಸಲಾಯಿತು. ಮರುವಾರ ಸುತ್ತೋಲೆ ಬಂತು:

“ರಾಯಚೂರಿನಿಂದ ಹೊರಡುವ ಪ್ರತಿ ಲಾರಿಗೂ ಉಡಿ ತುಂಬತಕ್ಕದ್ದು. ದೊಡ್ಡ ಟ್ರೇಲರುಗಳಿಗೆ ಖಣದ ಬದಲು ಸೀರೆ ನೀಡತಕ್ಕದ್ದು. ಟ್ಯಾಂಕರುಗಳಿಗೆ ಉಡಿ ಇಲ್ಲದ ಕಾರಣ ಮುಚ್ಚಳಕ್ಕೆ ಕಟ್ಟತಕ್ಕದ್ದು. ಉಡಿ ತುಂಬುವಾಗ ವಾಹನದ ಮುಖ ಪೂರ್ವಕ್ಕಿರತಕ್ಕದ್ದು. ಇದಕ್ಕಾಗಿ ತಿರುಗುವಾಗ ಸುಡುವ ಡೀಸೆಲ್ ಧಾರ್ಮಿಕ ಸ್ವರೂಪದ್ದಾದ್ದರಿಂದ ಮಾಲಿನ್ಯದ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಉಡಿಯನ್ನು ಮುತ್ತೈದೆಯರೇ ತುಂಬತಕ್ಕದ್ದು.”

ದೇವದುರ್ಗ ಇರುವುದು ಪಶ್ಚಿಮಕ್ಕೆ. ಹೀಗಾಗಿ ಪ್ರತಿ ಲಾರಿಯೂ ಗೇಟಿನ ಮುಂದೆ ಒಮ್ಮೆ ಹೊರಳಿ, ಉಡಿ ತುಂಬಿಸಿಕೊಂಡು, ಮತ್ತೊಮ್ಮೆ ಹೊರಳಿ ಹೋಗಬೇಕಾಯಿತು. ವೀರಭದ್ರಮ್ಮನಿಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಆಕೆಗೆ ತಾಂತ್ರಿಕ ಅರ್ಹತೆ ಇಲ್ಲವೆಂದು ಪತ್ರ ಬರೆದು, ಉಡಿ ತುಂಬುವ ಹುದ್ದೆಗೆ ಆದೆಪ್ಪನ ಹೆಂಡತಿ ಆದೆಮ್ಮನನ್ನು ಮುಕ್ತ ಸ್ಪರ್ಧೆಯ ಮೂಲಕ ಆಯ್ಕೆ ಮಾಡಲಾಯಿತು. ಸ್ಪರ್ಧೆಯಲ್ಲಿ ಆಕೆ ಒಬ್ಬಳೇ ಇದ್ದಳು. ವೀರಭದ್ರಮ್ಮ ಆ ಪತ್ರದಲ್ಲಿ ಮಿರ್ಚಿ ಕಟ್ಟಿಕೊಟ್ಟಳು.

ಕಾಯಿ ಪೂರೈಸುವ ಗುತ್ತಿಗೆ ಹನುಮಂತ್ರಾಯರ ಷಡ್ಡಕನಿಗೆ ಸಿಕ್ಕಿತು. ನಮ್ಮ ಕಡೆ ತೆಂಗು ಅಷ್ಟಾಗಿ ಬೆಳೆಯುವುದಿಲ್ಲ. ತಿಪಟೂರಿನ ಕಡೆಯಿಂದ ಲಾರಿಗಟ್ಟಲೆ ತರಿಸಬೇಕು. ಕಾಯಿ ತಂದ ಲಾರಿ ಕಾಯಿ ಇಳಿಸಿ ಖಾಲಿ ಹೋಗುವ ಹಾಗಿಲ್ಲವಾದ್ದರಿಂದ ಅದಕ್ಕೂ ಒಂದು ಕಾಯಿ ಕೊಟ್ಟು ಕಳಿಸಲಾಯಿತು. ಷಡ್ಡಕ ಬಲು ಚುರುಕು. ಮುಂದೆ ಕೊರತೆ ಆಗಬಾರದೆಂದು ಜಿಲ್ಲೆಯ ಬಜಾರುಗಳಲ್ಲಿದ್ದ ಕಾಯಿಗಳನ್ನೆಲ್ಲ ಮೊದಲೇ ಕೊಂಡು ಗೋದಾಮಿಗೆ ಹಾಕಿ ಬೀಗ ಜಡಿದ. ಡ್ರೈವರುಗಳು ಮನೆಗೆ ಒಯ್ಯದಂತೆ ಉಡಿಯ ಕಾಯಿಗೆ ಅರಗಿನ ಮುದ್ರೆ ಬಿತ್ತು. ದೇವದುರ್ಗ, ಮಾನ್ವಿಗಳಲ್ಲಿ ಉಡಿ ಇಳಿಕೆ ಕೇಂದ್ರಗಳು ತೆರೆದವು. ಅಲ್ಲಿ ಇಳಿಸಿಕೊಂಡ ಕಾಯಿ ಜೀಪಿನಲ್ಲಿ ರಾಯಚೂರಿಗೆ ಬಂದು ಮತ್ತೆ ಇನ್ನೊಂದು ಲಾರಿಯ ಉಡಿ ಸೇರುತ್ತಿತ್ತು. ಮರುಬಳಕೆಯೇ ಸುಸ್ಥಿರತೆಯ ಜೀವಾಳ ಎಂದು ನಿರ್ದೇಶಕರು ಭಾಷಣ ಮಾಡಿದರು. ಬಿಲ್ಲು ಮಾತ್ರ ಪ್ರತಿ ಸಲ ಹೊಸದಾಗಿರುತ್ತಿತ್ತು.

ಇದೇ ವೇಳೆಗೆ ಕೇಂದ್ರ ಇನ್ನೊಂದು ಮಹತ್ವದ ಸಂಗತಿ ಕಂಡುಹಿಡಿಯಿತು. ಕಾಯಿ ಹೊತ್ತ ಲಾರಿ ಹತ್ತಿ ಹೊತ್ತ ಲಾರಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತದೆ. ಆದ್ದರಿಂದ ಭಾರದ ಸರಕನ್ನು ಆದಷ್ಟು ಕಡಿಮೆ ಮಾಡಬೇಕೆಂದು ಶಿಫಾರಸಾಯಿತು. ಕಾಯಿ ಒಯ್ಯುವ ಲಾರಿಗೆ ಹಸಿರು ಭತ್ಯೆ ಬಂತು. ಅಂಬಣ್ಣನೂ ಹತ್ತಿ ಹೇರುವುದನ್ನು ಬಿಟ್ಟು ದಿನಾ ಒಂದು ಕಾಯಿ ಒಯ್ಯತೊಡಗಿದ. ಟೈರು ಸವೆಯುವುದಿಲ್ಲ, ಹಮಾಲರ ಕಾಟವಿಲ್ಲ, ಮೈಕೈ ನೋವಿಲ್ಲ. ಹಳ್ಳಿಯ ಅಂಗಳಗಳಲ್ಲಿ ಹತ್ತಿಯ ಗುಡ್ಡೆಗಳು ಏರುತ್ತ ಹೋದವು, ಬೆಳೆದವರು ಅವುಗಳ ಮೇಲೆ ಕೂತು ಉಡಿ ಲಾರಿ ಹೋಗುವುದನ್ನು ನೋಡುತ್ತಿದ್ದರು.

ಹೀಗೆ ಎಲ್ಲವೂ ಸುಸೂತ್ರ ನಡೆದಿರುವಾಗ ದೇವಿಕಾಳಿಗೆ ಒಂಬತ್ತು ತುಂಬಿತು.

ಸೀರೆ ಇತ್ತು, ಬಳೆ ಇತ್ತು. ಉಳಿದಿದ್ದ ಕಾಯಿಗಳು ಮಾತ್ರ ಎಂದೋ ಸಾರು ಚಟ್ನಿಯಾಗಿದ್ದವು. ಕರೆಮ್ಮ ಅರಕೇರಾದ ಅಂಗಡಿಗಳನ್ನೆಲ್ಲ ಸುತ್ತಿದಳು, ದೇವದುರ್ಗದ ಸಂತೆ ಸುತ್ತಿದಳು. ಕಾಯಿ ಅಂದರೆ ಸಾಕು, ಅಂಗಡಿಯವರು ಕೈ ಮುಗಿಯುತ್ತಿದ್ದರು. ರಾಯಚೂರಿನಲ್ಲಿ ದೇವರಿಗೂ ಕಾಯಿಯ ಬದಲು ಕಲ್ಲುಸಕ್ಕರೆ ಒಡೆಯುತ್ತಿದ್ದರು.

“ದಿನಾ ಕಾಯಿ ಹೇರ್ತೀರಿ, ಮಗಳಿಗೆ ಒಂದು ಕಾಯಿ ತರಲಿಕ್ಕ ಆಗಲಿಲ್ಲೇನು ನಿಮಗ?” ಎಂದು ಕರೆಮ್ಮ ಹರಿಹಾಯ್ದಳು. “ಕಾಯಿ ಇಲ್ಲದ್ದು ಉಡೀನೇನ್ರಿ? ಈ ಸಲ ತಪ್ಪಿದ್ರ ನಾ ನಿಮ್ಮ ಮಾರಿ ನೋಡಂಗಿಲ್ಲ, ಆಕಿನೂ ನೋಡಂಗಿಲ್ಲ.”

ಅಂಬಣ್ಣ ಅನ್ನದ ತಾಟು ಬಿಟ್ಟು ಎದ್ದ. ಗೇಟಿಗೆ ಹೋಗಿ ಆದೆಪ್ಪನ ಕೈ ಹಿಡಿದುಕೊಂಡ.

“ಒಂದ ಕಾಯಿ ಕೊಡ್ರೀ ಸಾಹೇಬ್ರ. ಮಗಳ ಉಡಿಗೆ.”

“ಉಡಿಗೇನೋ ಕೊಡ್ತೀವಿ. ಆದ್ರ ವಾಹನಕ್ಕ ಮಾತ್ರ. ಮನುಷ್ಯರಿಗೆ ಅವಕಾಶ ಇಲ್ಲ. ನಿಮ್ಮ ಮಗಳು ವಾಹನ ಇದ್ದಿದ್ರ ಈಗಿಂದೀಗ ಕೊಡ್ತಿದ್ದೆ. ನನಗೂ ಹೆಣ್ಣುಮಕ್ಕಳು ಅದಾರ್ರಿ, ಹೊಟ್ಟಿ ಉರೀತದ. ಏನು ಮಾಡ್ಲಿ?”

ಅಲ್ಲೇ ಕಾಯಿಗಳ ಮುದ್ರೆ ಪರಿಶೀಲಿಸುತ್ತಿದ್ದ ವಿಶಾಖಾ ಈ ಮಾತು ಕೇಳಿಸಿಕೊಂಡಳು. ಅಂಬಣ್ಣನ ಲಾರಿಯಲ್ಲೂ ಆಕೆ ವರದಿಗಾಗಿ ತಿರುಗಿದ್ದಳು, ಆತನ ರೊಟ್ಟಿ ತಿಂದಿದ್ದಳು. ಬಹಳ ದಿನದ ಮೇಲೆ ಆಕೆಯ ಓದು ಒಂದು ಕೆಲಸಕ್ಕೆ ಬಂತು.

“ಅಣ್ಣಾರ, ತಡೀರಿ. ನಿಯಮದಾಗ ವಾಹನ ಅಂದ್ರ ಏನು ಬರದದ ಗೊತ್ತೇನು? ‘ಭಾರವನ್ನು ಹೊತ್ತು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸಾಗುವ ಯಾವುದೇ ಘಟಕ.’ ಚಕ್ರ ಇರಬೇಕಂತ ಎಲ್ಲೂ ಬರದಿಲ್ಲ.”

ಆದೆಪ್ಪ ಯೋಚಿಸಿದ. “ಭಾರ ಹೊತ್ತಾಳ?”

“ಒಂಬತ್ತು ತಿಂಗಳದ್ದು.”

“ಸಾಗ್ತಾಳ?”

“ತವರಿಗೆ.”

“ಹಂಗಾದ್ರ ಕರಕೊಂಡು ಬರ್ರಿ. ಸಾಲಿನಾಗ ಬರಬೇಕು ಮತ್ತ.”

ಮರುದಿನ ಮಲ್ಲಟದಿಂದ ಒಂದು ಟಂಟಂ ಆಟೊ ತುಂಬ ಬೀಗರು, ಬಾಜು ಮನೆಯ ಹೆಂಗಸರು, ನಡುವೆ ಹಸಿರು ಸೀರೆಯ ದೇವಿಕಾ ಬಂದಿಳಿದರು. ಮುಂದೊಂದು ಟ್ರೇಲರು, ಹಿಂದೊಂದು ಟಿಪ್ಪರು, ಮಧ್ಯದಲ್ಲಿ ಆಕೆ ಸಾಲು ನಿಂತಳು. ಯಾರಿಗೂ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಟಿಪ್ಪರಿನವನು ಮಾತ್ರ, ತಂಗಿ ಹೊಗೆಯಲ್ಲಿ ನಿಲ್ಲಬಾರದೆಂದು ಎಂಜಿನ್ ಬಂದ್ ಮಾಡಿದ. ಆ ಗೇಟಿನಲ್ಲಿ ಮಾಲಿನ್ಯ ನಿಜವಾಗಿ ಕಡಿಮೆಯಾದದ್ದು ಅದೊಂದು ಸಲ.

ಕಾಟಾದ ಮೇಲೆ ನಿಲ್ಲಿಸಿ ತೂಗಿದರು. ಲಾರಿ ತೂಗುವ ಕಾಟಾ, ಒಬ್ಬಳನ್ನು ಗುರುತಿಸಲಿಲ್ಲ. ಬೀಗರೆಲ್ಲ ಹತ್ತಿ ನಿಂತ ಮೇಲೆ ಅಂಕಿ ಅಲುಗಿತು. ಅದನ್ನೇ ಆಕೆಯ ತೂಕವೆಂದು ಬರೆದುಕೊಂಡರು.

“ಲೋಡು?” ಎಂದ ಆದೆಪ್ಪ.

“ಕೂಸು,” ಎಂದಳು ದೇವಿಕಾ.

“ಎಲ್ಲಿಂದ ಎಲ್ಲಿಗೆ?”

“ಮಲ್ಲಟದಿಂದ ಅರಕೇರಾಕ್ಕ.”

“ಇಳಿಸಿದ ಮ್ಯಾಲೆ ಖಾಲಿ ವಾಪಸ್ ಹೊಕ್ಕೀ ಏನವ್ವಾ? ಖರೇ ಹೇಳು. ಮುಖ್ಯ ಪ್ರಶ್ನಿ ಅದು.”

“ಖಾಲಿ ಯಾಕ ಹೋಗ್ಲಿ? ಕೂಸಿನ್ನ ಎತ್ತಿಕೊಂಡು ಹೊಕ್ಕೀನಿ.”

ಆದೆಪ್ಪನ ಕೈಯಿಂದ ಪೆನ್ನು ಬಿತ್ತು. “ಹೋಗೋವಾಗೂ ಲೋಡು, ಬರೋವಾಗೂ ಲೋಡು! ಡೀಸೆಲ್ಲೂ ಇಲ್ಲ!” ಎಂದು ಕೂಗುತ್ತ ನಿರ್ದೇಶಕರಿಗೆ ಫೋನು ಹಚ್ಚಿದ. ಹನುಮಂತ್ರಾಯರು ಊಟ ಬಿಟ್ಟು ಓಡಿಬಂದರು. ಇಂಥದೊಂದು ವಾಹನಕ್ಕಾಗಿಯೇ ತಾವು ಜೀವಮಾನವಿಡೀ ಕಾದದ್ದು ಎಂದು ಗದ್ಗದಿತರಾಗಿ, ದೇವಿಕಾಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆ ವರ್ಷದ ಆದರ್ಶ ಸರಕು ವಾಹನ ಪ್ರಶಸ್ತಿ ಸ್ಥಳದಲ್ಲೇ ಘೋಷಣೆಯಾಯಿತು.

ದೇವಿಕಾಳನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ಆದೆಮ್ಮ ಸಮವಸ್ತ್ರದಲ್ಲೇ ಬಂದು, ಅಕ್ಕಿ, ಅಡಿಕೆ, ಉತ್ತತ್ತಿ, ಕೊನೆಗೆ ಅರಗಿನ ಮುದ್ರೆಯ ಕಾಯಿ ಇಟ್ಟು ಉಡಿ ತುಂಬಿದಳು. ಹೆಂಗಸರು ಸೋಬಾನೆ ಎತ್ತಿದರು, ಲಾರಿಗಳು ಹಾರ್ನು ಸೇರಿಸಿದವು. ವೀರಭದ್ರಮ್ಮ ಅಂಗಡಿಯಿಂದಲೇ, “ಏನರ ಆಗ್ಲಿ, ಸುಖವಾಗಿ ಇಳೀಲಿ ನನ್ನವ್ವಾ,” ಎಂದು ಕೂಗಿ, ಎಲ್ಲರಿಗೂ ಬಿಸಿ ಮಿರ್ಚಿ ಹಂಚಿದಳು. ದೇವಿಕಾ ಅಪ್ಪನ ಕಡೆ ನೋಡಿ ನಕ್ಕಳು. “ಅಂತೂ ಬಂದೆಲ್ಲ ಯಪ್ಪಾ,” ಎಂದಳು. ಅಂಬಣ್ಣನ ಕಣ್ಣೀರಿನ ಕಟ್ಟೆ ಒಡೆಯಿತು. ಮಗಳ ಒಂಬತ್ತರ ಕುಬುಸವನ್ನು ಕಣ್ಣಾರೆ ಕಂಡಿದ್ದ. ಅದಕ್ಕಿಂತ ಹೆಚ್ಚು ಅವನಿಗೆ ಏನೂ ಬೇಕಾಗಿರಲಿಲ್ಲ.

ಈಗ ಆ ಕಡೆಯ ಬೀಗರು ಕುಬುಸದ ದಿನ ತೆಗೆಸಲು ಪಂಚಾಂಗ ನೋಡುವ ಐನಾರ ಹತ್ತಿರ ಹೋಗುವ ಮುಂಚೆ ಗೇಟಿನಲ್ಲಿ ಸಾಲು ಎಷ್ಟಿದೆಯೆಂದು ವಿಚಾರಿಸುತ್ತಾರೆ. ಬಸುರಿಯರಿಗೆ ಬೇರೆ ಸಾಲು ಆಗಿದೆ, ಲಘು ವಾಹನಗಳ ಪಕ್ಕದಲ್ಲಿ. ವಿಶಾಖಾಳ ಪಿಎಚ್‌ಡಿಗೂ ಸಹಿ ಬಿತ್ತು. ದೇವಿಕಾಳಿಗೆ ಹೆಣ್ಣು ಕೂಸು ಹುಟ್ಟಿತು. ಮಲ್ಲಟಕ್ಕೆ ತಿರುಗಿ ಹೋಗುವಾಗ ಕೂಸನ್ನು ಗೇಟಿನಲ್ಲಿ ತೋರಿಸಿ, ಲೋಡು ಸರಿಯಾಗಿದೆ ಎಂದು ಮುದ್ರೆ ಒತ್ತಿಸಿಕೊಂಡೇ ಹೋದಳು. ತೊಟ್ಟಿಲ ದಿನ ಬೀಗರು, ಗೇಟಿನಲ್ಲಿ ಆಕೆಗೆ ಕೊಟ್ಟಿದ್ದ ವಾಹನ ಪರ್ಮಿಟ್ಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅಂಬಣ್ಣ ಅದನ್ನು ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ.

“ಐದು ವರ್ಷ ನಡೀತದ್ರೀ. ಎರಡನೇ ಕೂಸಿಗೆ ಮತ್ತ ಮಾಡಸೂದ ಬ್ಯಾಡ.”

“ಹೊಸ ಗಾಡಿಗೂ ಇಷ್ಟು ಕೊಡಂಗಿಲ್ಲ ಬಿಡ್ರಿ,” ಎಂದು ಬೀಗರು ತಲೆದೂಗಿದರು.